ಮನೆಯ ಕೋಣೆ, ಮದುವೆಯ ಛತ್ರ, ಬಯಲು ರಂಗ: ಧ್ವನಿಗಾಗಿ ಜಾಗವನ್ನು ಅಣಿಗೊಳಿಸುವ ಕ್ರಮ

ಮೈಸೂರಿಗೆ ಮನೆಯೊಳಗಿನ ಸ್ಟುಡಿಯೊ ಹೊಸ ಸಂಗತಿಯಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ್ದರು. ಆ ಕೇಂದ್ರದ ಹೆಸರೇ ‘ಆಕಾಶವಾಣಿ’. ಈಗ ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ವೀಣೆಯ ಪಾಠ ಹೇಳುವವರು, ಭಾವಗೀತೆ ಹಾಡುವವರು, ಕಥೆ ಓದಿ ಕೇಳಿಸುವವರು ಮನೆಯ ಒಂದು ಕೋಣೆಯನ್ನು ಧ್ವನಿಮುದ್ರಣಕ್ಕೆಂದು ಮೀಸಲಿಡುವುದು ಸಾಮಾನ್ಯವಾಗಿದೆ. ಇವರಲ್ಲಿ ಬಹಳ ಮಂದಿ ಮೊದಲು ಒಂದು ಮೈಕು ಕೊಳ್ಳುತ್ತಾರೆ. ಅದರಲ್ಲಿ ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳಿಸಿದಾಗ ಇನ್ನೂ ದುಬಾರಿಯದನ್ನು ಕೊಳ್ಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗೋಡೆಗೆಲ್ಲ ಕಪ್ಪು ಫೋಮು ಅಂಟಿಸುತ್ತಾರೆ. ದುಬಾರಿಯ ಮೈಕು ಕೋಣೆಯ ದೋಷವನ್ನು ಇನ್ನಷ್ಟು ಚೊಕ್ಕವಾಗಿ ಹಿಡಿದುಕೊಡುತ್ತದೆ, ಅಷ್ಟೆ.

ಖರ್ಚು ಪೋಲಾಗುವುದು ಮುಖ್ಯವಾಗಿ ಒಂದೇ ಗೊಂದಲದಿಂದ. ಹೊರಗಿನ ಸದ್ದು ಒಳಗೆ ಬರುವುದು ಒಂದು ತೊಂದರೆ. ಒಳಗಿನ ಸದ್ದು ಒಳಗೇ ಅಲೆಯುತ್ತ ಉಳಿಯುವುದು ಬೇರೆಯೇ ತೊಂದರೆ. ಮೊದಲನೆಯದಕ್ಕೆ ಭಾರವಾದ, ಸಂದಿಲ್ಲದ ವಸ್ತು ಬೇಕು. ಎರಡನೆಯದಕ್ಕೆ ಹಗುರವಾದ, ಗಾಳಿಯಾಡುವ ವಸ್ತು ಬೇಕು. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಆಟೊ ಸದ್ದು ತಡೆಯಬೇಕೆಂದು ಫೋಮು ಅಂಟಿಸಿದರೆ ಆಟೊ ಸದ್ದು ಎಂದಿನಂತೆ ಬರುತ್ತದೆ. ಒಳಗಿನ ಮೊಳಗು ತಗ್ಗಿರುವುದರಿಂದ ಅದು ಮೊದಲಿಗಿಂತ ಎದ್ದು ಕೇಳಿಸಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ನಿಮ್ಮ ಕೋಣೆಗೆ ಈ ಎರಡರಲ್ಲಿ ಯಾವ ಕಾಯಿಲೆಯಿದೆ, ಅಥವಾ ಎರಡೂ ಇವೆಯೇ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ಅದಕ್ಕೆ ಎರಡು ಪರೀಕ್ಷೆಗಳು ಸಾಕು. ನೀವು ಸಾಮಾನ್ಯವಾಗಿ ಹಾಡುವ ಹೊತ್ತಿನಲ್ಲಿ ಫ್ಯಾನ್ ನಿಲ್ಲಿಸಿ, ಮೈಕನ್ನು ಹಾಡುವಾಗಿನ ಮಟ್ಟದಲ್ಲೇ ಇಟ್ಟು, ಯಾರೂ ಮಾತಾಡದೆ ಹತ್ತು ನಿಮಿಷ ಮುದ್ರಿಸಿಕೊಳ್ಳಿ. ಹೆಡ್‌ಫೋನಿನಲ್ಲಿ ಕೇಳುವಾಗ ರಸ್ತೆ, ಕೋಗಿಲೆ, ಪಕ್ಕದ ಮನೆಯ ಮಿಕ್ಸಿ, ಮೇಲಿನ ನೀರಿನ ಪೈಪು, ಯಾದವಗಿರಿಯ ಕಡೆಯವರಾದರೆ ರೈಲು, ಇವುಗಳಲ್ಲಿ ಯಾವುದು ಎಷ್ಟು ಸಲ ಬಂದಿದೆಯೆಂದು ಬರೆದಿಡಿ. ಎರಡನೆಯದಾಗಿ, ಕೋಣೆಯ ನಡುವೆ ನಿಂತು ಒಂದೇ ಒಂದು ಗಟ್ಟಿ ಚಪ್ಪಾಳೆ ತಟ್ಟಿ. ಅದರ ಬಾಲದಲ್ಲಿ ತಂತಿ ಮಿಡಿದಂಥ ‘ಝಿಂಯ್’ ಎಂಬ ಸದ್ದು ಬಂದರೆ, ಎದುರುಬದುರಿನ ಎರಡು ಬೋಳು ಗೋಡೆಗಳ ನಡುವೆ ಧ್ವನಿ ಚೆಂಡಾಟವಾಡುತ್ತಿದೆ. ಕೋಣೆಯ ಉದ್ದಕ್ಕೆ ನಿಧಾನವಾಗಿ ನಡೆಯುತ್ತ ತಟ್ಟಿದರೆ ಆ ಸದ್ದು ಯಾವ ಜೋಡಿ ಗೋಡೆಗಳಿಂದ ಹುಟ್ಟುತ್ತದೆ ಎಂಬುದೂ ಕಿವಿಗೆ ತಿಳಿಯುತ್ತದೆ.

ಕೋಣೆಯ ಆಯ್ಕೆ

ಮನೆಯಲ್ಲಿ ಎರಡು ಮೂರು ಕೋಣೆಗಳಿದ್ದರೆ ಹತ್ತಕ್ಕೆ ಹತ್ತರ ಕೋಣೆಯನ್ನು ಕೈಬಿಡಿ. ನಮ್ಮ ಆರ್‌ಸಿಸಿ ಮನೆಗಳ ಛಾವಣಿಯ ಎತ್ತರವೂ ಹತ್ತಡಿಯ ಆಸುಪಾಸಿನಲ್ಲೇ ಇರುವುದರಿಂದ ಅದು ಪೂರ್ತಿ ಘನಾಕೃತಿಯಾಗುತ್ತದೆ, ಧ್ವನಿಯ ಮಟ್ಟಿಗೆ ಅದಕ್ಕಿಂತ ಕೆಟ್ಟ ಆಕಾರವಿಲ್ಲ. ಕಾರಣ ಹೀಗಿದೆ. ಎದುರುಬದುರು ಗೋಡೆಗಳ ನಡುವಿನ ದೂರ ಒಂದು ಧ್ವನಿತರಂಗದ ಅರ್ಧದಷ್ಟಾದಾಗ ಆ ತರಂಗ ಅಲ್ಲೇ ಕಟ್ಟಿಕೊಂಡು ನಿಲ್ಲುತ್ತದೆ. ಮೈಸೂರಿನ ಸಾಧಾರಣ ಹವೆಯಲ್ಲಿ, ಅಂದರೆ 25 ಡಿಗ್ರಿಯಲ್ಲಿ, ಧ್ವನಿ ಸೆಕೆಂಡಿಗೆ ಸುಮಾರು 346 ಮೀಟರು ಸಾಗುತ್ತದೆ. ಅದನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದರೆ ಕಟ್ಟಿಕೊಳ್ಳುವ ಮೊದಲ ಕಂಪನಾಂಕ ಸಿಗುತ್ತದೆ. ಮೂರು ಮೀಟರಿನ ದೂರಕ್ಕೆ ಅದು ಸುಮಾರು 58 ಹರ್ಟ್ಸ್. ಅದರ ಇಮ್ಮಡಿ 115, ಮುಮ್ಮಡಿ 173. ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗಿದ್ದರೆ ಮೂರು ದಿಕ್ಕಿನವೂ ಇದೇ ಮೂರು ಜಾಗಗಳಲ್ಲಿ ರಾಶಿ ಬೀಳುತ್ತವೆ.

ಇದು ಹಾಡುವವರಿಗೆ ಹೇಗೆ ತಾಗುತ್ತದೆ ನೋಡಿ. ಎರಡೂವರೆ ಮನೆ ಶ್ರುತಿಯಲ್ಲಿ, ಅಂದರೆ ನಾಟಕದ ಹಾರ್ಮೋನಿಯಂನವರು ಕರಿ ಎರಡು ಎನ್ನುವ ಶ್ರುತಿಯಲ್ಲಿ, ಹಾಡುವ ಗಂಡುಕಂಠದ ಮಂದ್ರ ಪಂಚಮ ಸುಮಾರು 117 ಹರ್ಟ್ಸ್‌ನಲ್ಲಿ ಬರುತ್ತದೆ. ಅಂಥವರು ಈ ಕೋಣೆಯಲ್ಲಿ ಮಂದ್ರಕ್ಕೆ ಇಳಿದಾಗ ಪಂಚಮ ಒಂದೇ ಗುಡುಗುಡು ಎಂದು ಉಬ್ಬುತ್ತದೆ, ಅದರ ಪಕ್ಕದ ಮಧ್ಯಮ ಸಪ್ಪಗಿರುತ್ತದೆ. ಕೇಳುವವರು ಇದನ್ನು ಗಾಯಕರ ದೋಷವೆಂದೇ ತಿಳಿಯುತ್ತಾರೆ. ಉದ್ದ, ಅಗಲ, ಎತ್ತರ ಒಂದಕ್ಕೊಂದು ಸರಿಸಮವಾಗದ, ಒಂದರ ಎರಡರಷ್ಟು ಇನ್ನೊಂದಾಗದ ಕೋಣೆಯಲ್ಲಿ ಈ ಉಬ್ಬುಗಳು ಹರಡಿಕೊಳ್ಳುತ್ತವೆ. ಹಳೆಯ ಮೈಸೂರಿನ ಹೆಂಚಿನ ಮನೆಗಳಲ್ಲಿ ಇಳಿಜಾರು ಮಾಡಿನ ಕೋಣೆ ಸಿಕ್ಕರೆ ನೆಲಕ್ಕೂ ಮಾಡಿಗೂ ನಡುವೆ ಸಮಾನಾಂತರ ಇರುವುದಿಲ್ಲವಾದ್ದರಿಂದ ಒಳಗಿನ ಧ್ವನಿಗೆ ಅದು ಬಹಳ ಒಳ್ಳೆಯದು. ಆದರೆ ಹೆಂಚಿನ ಸಂದುಗಳಿಂದ ಊರಿನ ಸದ್ದೆಲ್ಲ ಇಳಿದುಬರುತ್ತದೆ. ಬೆಳಗಿನ ನಾಲ್ಕೂವರೆಗೆ ಎದ್ದು ಮುದ್ರಿಸುವ ಅಭ್ಯಾಸವಿರುವವರಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ.

ಹೊರಗಿನ ಸದ್ದನ್ನು ತಡೆಯುವುದು

ಎರಡೂ ಕಡೆ ಗಾರೆಯಾದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ತಾನಾಗಿಯೇ ಸುಮಾರು 50 ಡೆಸಿಬೆಲ್ ಸದ್ದನ್ನು ತಡೆಯುತ್ತದೆ. ಅದಕ್ಕೆ ಕೈಹಚ್ಚುವ ಅಗತ್ಯವಿಲ್ಲ. ಸೋಲುವುದು ಬಾಗಿಲು ಮತ್ತು ಕಿಟಕಿ. ಧ್ವನಿ ನೀರಿಗಿಂತಲೂ ಹಟಮಾರಿ. ಸಣ್ಣ ಸಂದು ಸಿಕ್ಕರೂ ಸಾಕು. ಲೆಕ್ಕ ಹಾಕಿದರೆ, ಏಳಡಿಗೆ ಮೂರಡಿಯ ಬಾಗಿಲಿನ ಅಡಿಯಲ್ಲಿ ಅರ್ಧ ಇಂಚಿನ ಸಂದು ಇದ್ದರೆ ಅದು ಬಾಗಿಲಿನ ಒಟ್ಟು ವಿಸ್ತೀರ್ಣದ ಶೇಕಡ 0.6 ಮಾತ್ರ, ಆದರೂ ಆ ಸಂದು ಇರುವ ತನಕ ಬಾಗಿಲನ್ನು ತೇಗದಲ್ಲಿ ಮಾಡಿಸಿದರೂ ಕಬ್ಬಿಣದಲ್ಲಿ ಮಾಡಿಸಿದರೂ ಒಟ್ಟು ತಡೆ 22 ಡೆಸಿಬೆಲ್ ದಾಟುವುದಿಲ್ಲ. ಆದ್ದರಿಂದ ಮೊದಲ ಖರ್ಚು ಸಂದು ಮುಚ್ಚುವುದಕ್ಕೆ. ಚೌಕಟ್ಟಿನ ಮೂರು ಬದಿಗೂ ಬಾಗಿಲು ಒತ್ತಿ ಕೂರುವಂತೆ ರಬ್ಬರ್ ಪಟ್ಟಿ ಹಾಕಿಸಿ. ಅಡಿಯಲ್ಲಿ ಹೊಸಿಲಿಲ್ಲದಿದ್ದರೆ ಹೊಸಿಲು ಕೂರಿಸಿ, ಅದಕ್ಕೂ ರಬ್ಬರ್ ಹಚ್ಚಿ. ಚೌಕಟ್ಟಿಗೂ ಗೋಡೆಗೂ ನಡುವೆ ಕೂದಲೆಳೆಯ ಬಿರುಕುಗಳಿದ್ದರೆ ಸಿಲಿಕೋನ್ ತುಂಬಿಸಿ. ಸ್ವಿಚ್ ಬೋರ್ಡಿನ ಪೈಪು ಪಕ್ಕದ ಕೋಣೆಗೆ ತೂತಾಗಿದೆಯೇ ಎಂಬುದನ್ನೂ ನೋಡಿ. ಇದಾದ ಮೇಲೆ ಬಾಗಿಲಿನ ಭಾರ ಹೆಚ್ಚಿಸಬಹುದು: ಒಳಗೆ ಟೊಳ್ಳಾದ ಬಾಗಿಲನ್ನು ತೆಗೆದು ಒಳಗೆಲ್ಲ ಮರ ತುಂಬಿದ ಫ್ಲಶ್ ಬಾಗಿಲು ಹಾಕಿಸುವುದು, ಅಥವಾ ಇರುವುದರ ಮೇಲೆಯೇ ಹದಿನೆಂಟು ಮಿಲಿಮೀಟರಿನ ಪ್ಲೈವುಡ್ ಹಲಗೆ ಹೊಡೆಸುವುದು. ಭಾರ ಎರಡರಷ್ಟಾದರೆ ತಡೆ ಐದಾರು ಡೆಸಿಬೆಲ್ ಹೆಚ್ಚುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು.

ಪಕ್ಕಕ್ಕೆ ಸರಿಯುವ ಅಲ್ಯೂಮಿನಿಯಂ ಕಿಟಕಿ ಎಂದೂ ಗಾಳಿ ಬಿಗಿಯಾಗುವುದಿಲ್ಲ. ಅದನ್ನು ತೆಗೆಯದೆ ಒಳಬದಿಯಿಂದ ಪ್ಲೈವುಡ್ ಮತ್ತು ಜಿಪ್ಸಮ್ ಬೋರ್ಡು ಸೇರಿಸಿ ಮಾಡಿದ ಒಂದು ಮುಚ್ಚಳವನ್ನು, ಸುತ್ತ ರಬ್ಬರ್ ಹಚ್ಚಿ, ಚಿಲಕದಿಂದ ಬಿಗಿಯುವಂತೆ ಮಾಡಿಸಿಕೊಂಡರೆ ಮುದ್ರಿಸುವಾಗ ಹಾಕಬಹುದು, ಉಳಿದಂತೆ ಬೆಳಕು ಗಾಳಿ ಬಿಡಬಹುದು. ಮುಚ್ಚಳಕ್ಕೂ ಗಾಜಿಗೂ ನಡುವೆ ನಾಲ್ಕಿಂಚಾದರೂ ಖಾಲಿ ಇರಲಿ. ಹೀಗೆ ಬಿಗಿದ ಕೋಣೆಯಲ್ಲಿ ಉಸಿರಾಟದ ಮಾತು ಬರುತ್ತದೆ. ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಂಪಾಗಿಸಿ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ಮೂವರು ಕೂತು ಒಂದು ಗಂಟೆ ಮುದ್ರಿಸಿದರೆ ತಲೆ ಭಾರವಾಗುತ್ತದೆ. ಹಾಡುಗಳ ನಡುವೆ ಬಾಗಿಲು ತೆರೆಯುವುದೇ ಸುಲಭದ ದಾರಿ. ಕಾಯಂ ಏರ್ಪಾಡು ಬೇಕೆಂದರೆ, ಒಳಗೆಲ್ಲ ಕಲ್ಲುಣ್ಣೆ (ರಾಕ್ ವುಲ್) ಹಾಸಿದ, ಎರಡು ಮೂರು ತಿರುವುಗಳುಳ್ಳ ಪ್ಲೈವುಡ್ ಗಾಳಿಕೊಳವೆಯನ್ನು ಮಾಡಿಸಬೇಕು; ತಿರುವುಗಳಲ್ಲಿ ಗಾಳಿ ಹಾದುಬರುತ್ತದೆ, ಸದ್ದು ಸವೆದುಹೋಗುತ್ತದೆ.

ರೈಲು ಅಥವಾ ಭಾರದ ಲಾರಿಗಳ ನಡುಕ ನೆಲದ ಮೂಲಕ ಬರುತ್ತಿದ್ದರೆ ಇದಾವುದೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಕೋಣೆಯೊಳಗೆ ರಬ್ಬರಿನ ಮೇಲೆ ನಿಂತ ಇನ್ನೊಂದು ಕೋಣೆಯನ್ನೇ ಕಟ್ಟಬೇಕಾಗುತ್ತದೆ. ಮನೆಮಟ್ಟಿಗೆ ಅದು ಬೇಡ. ರೈಲಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳುವುದು ಅಗ್ಗ.

ಒಳಗಿನ ಮೊಳಗನ್ನು ಅಳೆಯುವುದು, ಹೀರುವುದು

ಈ ವಿಷಯಕ್ಕೆ ಲೆಕ್ಕ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. 1895ರಿಂದ ಅವರು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ರಂಗಮಂದಿರದ ಆಸನದ ದಿಂಬುಗಳನ್ನು ಹೊತ್ತು ತಂದು, ಎಷ್ಟು ದಿಂಬು ಹಾಕಿದರೆ ಧ್ವನಿ ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಅದರಿಂದ ಹುಟ್ಟಿದ ಸೂತ್ರವನ್ನು ಹೈಸ್ಕೂಲಿನ ಗಣಿತ ಬಲ್ಲವರು ಬಳಸಬಹುದು: ಕೋಣೆಯ ಘನ ಅಳತೆಯನ್ನು ಮೀಟರಿನ ಲೆಕ್ಕದಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರುವಿಕೆಯಿಂದ ಭಾಗಿಸಿ. ಬರುವ ಸಂಖ್ಯೆ ಅನುರಣನ ಕಾಲ, ಅಂದರೆ ಧ್ವನಿ 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡುಗಳು. ಒಟ್ಟು ಹೀರುವಿಕೆಯೆಂದರೆ ಪ್ರತಿ ಮೇಲ್ಮೈಯ ವಿಸ್ತೀರ್ಣವನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದ ಮೊತ್ತ.

ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯನ್ನು ತೆಗೆದುಕೊಳ್ಳೋಣ. ಮೀಟರಿನಲ್ಲಿ 3.6, 3.0, 3.0, ಘನ ಅಳತೆ 32.4, ಒಟ್ಟು ಮೇಲ್ಮೈ 61.2 ಚದರ ಮೀಟರು. ಬಣ್ಣ ಬಳಿದ ಗಾರೆ, ರೆಡ್ ಆಕ್ಸೈಡ್ ಅಥವಾ ಗ್ರಾನೈಟ್ ನೆಲ, ಆರ್‌ಸಿಸಿ ಛಾವಣಿ ಇವೆಲ್ಲ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ಸುಮಾರು ನೂರಕ್ಕೆ ಮೂರು ಪಾಲನ್ನು ಮಾತ್ರ ಹೀರುತ್ತವೆ. ಆಗ ಒಟ್ಟು ಹೀರುವಿಕೆ 1.84, ಅನುರಣನ ಕಾಲ 2.8 ಸೆಕೆಂಡು. ಬಾಗಿಲು, ಕಿಟಕಿ, ಬೀರುಗಳಿಂದ ಇದು ವಾಸ್ತವದಲ್ಲಿ ಸ್ವಲ್ಪ ಇಳಿದಿರುತ್ತದೆ, ಆದರೂ ಹಾಡು ಮುದ್ರಿಸುವುದಕ್ಕೆ ಬೇಕಾದದ್ದು 0.4ರ ಸುಮಾರು, ಬರೀ ಮಾತಿಗೆ 0.3. ಹಾಡಿನ ಗುರಿ ಮುಟ್ಟಲು ಒಟ್ಟು ಹೀರುವಿಕೆ 13ಕ್ಕೆ ಏರಬೇಕು. ಒಳ್ಳೆಯ ಫಲಕವೊಂದು ನೂರಕ್ಕೆ ತೊಂಬತ್ತು ಪಾಲು ಹೀರುತ್ತದೆಂದು ಹಿಡಿದರೆ ಹನ್ನೆರಡು ಚದರ ಮೀಟರಿಗಿಂತ ತುಸು ಹೆಚ್ಚು ಫಲಕ, ಅಂದರೆ ನಾಲ್ಕಡಿಗೆ ಎರಡಡಿಯ ಹದಿನಾರು ಹದಿನೇಳು ಫಲಕಗಳು ಬೇಕು. ಕೋಣೆಯ ಮೇಲ್ಮೈಯಲ್ಲಿ ಇದು ಐದನೆಯ ಒಂದು ಭಾಗ ಮಾತ್ರ. ಗೋಡೆಯನ್ನೆಲ್ಲ ಮುಚ್ಚುವ ಅಗತ್ಯವಿಲ್ಲವೆಂಬುದು ಇದರಿಂದ ಗೊತ್ತಾಗುತ್ತದೆ; ಎರಡು ಮೂರು ಫಲಕ ತೂಗುಹಾಕಿ ಕೆಲಸವಾಯಿತೆಂದು ಕೂರುವಂತಿಲ್ಲ ಎಂಬುದೂ.

ಫಲಕವನ್ನು ಮನೆಯಲ್ಲೇ ಮಾಡಬಹುದು. ನಾಲ್ಕಿಂಚು ಆಳದ ಮರದ ಚೌಕಟ್ಟನ್ನು ಬಡಗಿಯಿಂದ ಮಾಡಿಸಿ, ಮುಂಭಾಗದ ಎರಡಿಂಚಿನಲ್ಲಿ ಘನಮೀಟರಿಗೆ 48 ಕಿಲೋ ಸಾಂದ್ರತೆಯ ಕಲ್ಲುಣ್ಣೆಯ ಹಾಳೆಯನ್ನು ಕೂರಿಸಬೇಕು. ಅಂಗಡಿಯಲ್ಲಿ ರಾಕ್ ವುಲ್ ಎಂದು ಕೇಳಿ. ಹಿಂಭಾಗದ ಎರಡಿಂಚು ಖಾಲಿ ಇರಬೇಕು. ಈ ಖಾಲಿಯನ್ನು ಬಡಗಿಗಳು ವ್ಯರ್ಥವೆಂದು ಭಾವಿಸಿ ಪ್ಲೈವುಡ್ ಮುಚ್ಚುವುದುಂಟು. ಹಾಗೆ ಮಾಡಲು ಬಿಡಬೇಡಿ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಯ ಕಣ ಅಲುಗುವುದೇ ಇಲ್ಲ, ಅದರಿಂದ ದೂರ ಬಂದಷ್ಟೂ ಹೆಚ್ಚು ಅಲುಗುತ್ತದೆ. ಉಣ್ಣೆಯ ಎಳೆಗಳು ಆ ಅಲುಗಾಟವನ್ನೇ ತಿಕ್ಕಾಟದಿಂದ ಶಾಖವಾಗಿಸುವುದರಿಂದ, ಅದೇ ಉಣ್ಣೆಯನ್ನು ಗೋಡೆಯಿಂದ ಎರಡಿಂಚು ಮುಂದಕ್ಕೆ ತಂದರೆ ಇನ್ನೂ ಕೆಳಗಿನ ಸ್ವರಗಳವರೆಗೆ ಅದು ಹೀರುತ್ತದೆ. ಮುಂದೆ ಹೊದಿಸುವ ಬಟ್ಟೆಯನ್ನು ತುಟಿಗೆ ಹಿಡಿದು ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋದರೆ ಅದು ಸರಿ. ಖಾದಿ, ತೆಳು ಹತ್ತಿ ಬಟ್ಟೆ ಚೆನ್ನಾಗಿರುತ್ತವೆ. ರೆಕ್ಸಿನ್ ಹೊದಿಸಿದರೆ ಉಣ್ಣೆ ಒಳಗಿದ್ದೂ ಇಲ್ಲದಂತಾಗುತ್ತದೆ. ಉಣ್ಣೆ ಕತ್ತರಿಸುವಾಗ ಮಾಸ್ಕು, ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ. ಕತ್ತರಿಸುವುದು ತಾರಸಿಯ ಮೇಲಾಗಲಿ, ಮನೆಯೊಳಗೆ ಬೇಡ.

ಮೊದಲ ಫಲಕಗಳು ಹಾಡುವವರ ಬೆನ್ನ ಹಿಂದೆ ಬರಬೇಕು. ಇದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ಮನೆಗಳಲ್ಲಿ ಬಳಸುವ ಹೆಚ್ಚಿನ ಮೈಕುಗಳು ತಮ್ಮ ಬೆನ್ನಿನ ಕಡೆಯಿಂದ ಬರುವ ಧ್ವನಿಗೆ ಕಿವುಡು. ಅವು ನೋಡುತ್ತಿರುವುದು ಗಾಯಕರ ಮುಖವನ್ನು ಮತ್ತು ಅವರ ತಲೆಯ ಹಿಂದಿನ ಗೋಡೆಯನ್ನು. ಆದ್ದರಿಂದ ರಜಾಯಿ ತೂಗುಹಾಕುವಷ್ಟೇ ಅನುಕೂಲವಿದ್ದರೂ ಅದನ್ನು ಮೈಕಿನ ಹಿಂದಲ್ಲ, ಗಾಯಕರ ಹಿಂದೆ ತೂಗಬೇಕು. ನಂತರ ‘ಝಿಂಯ್’ ಕೊಟ್ಟ ಜೋಡಿ ಗೋಡೆಗಳಲ್ಲಿ ಒಂದಕ್ಕೆ, ಆಮೇಲೆ ತಲೆಯ ಮೇಲಿನ ಛಾವಣಿಗೆ. ಛಾವಣಿಯನ್ನು ಮರೆಯುವವರೇ ಹೆಚ್ಚು.

ಈ ಫಲಕಗಳೂ, ಈ ಸೂತ್ರವೂ, ಸುಮಾರು 220 ಹರ್ಟ್ಸ್‌ಗಿಂತ ಕೆಳಗೆ ಸೋಲುತ್ತವೆ. ಅಲ್ಲಿ ಹಿಂದೆ ಹೇಳಿದ ಕಟ್ಟಿಕೊಳ್ಳುವ ತರಂಗಗಳದ್ದೇ ರಾಜ್ಯ. ಅವು ಎಲ್ಲಕ್ಕಿಂತ ಹೆಚ್ಚಾಗಿ ಒತ್ತುವುದು ಮೂಲೆಗಳಲ್ಲಿ. ಆದ್ದರಿಂದ ಎರಡು ಮೂಲೆಗಳಲ್ಲಾದರೂ ನೆಲದಿಂದ ಛಾವಣಿಯವರೆಗೆ, ಒಂದಡಿಗೆ ಕಡಿಮೆಯಿಲ್ಲದ ದಪ್ಪಕ್ಕೆ, ಕಲ್ಲುಣ್ಣೆಯನ್ನು ತ್ರಿಕೋನಾಕಾರವಾಗಿ ಪೇರಿಸಿ ಬಟ್ಟೆ ಹೊದಿಸಬೇಕು. ಮೃದಂಗದ ತೊಪ್ಪಿಯೋ ತಬಲದ ಎಡಗೈಯೋ ಮುದ್ರಿಸುವವರಿಗೆ ಗೋಡೆಯ ಫಲಕಗಳಿಗಿಂತ ಇದೇ ಮುಖ್ಯ.

ಒಂದಿಂಚಿನ ಫೋಮು ‘ಸ’ಕಾರದ ಚುರುಕನ್ನು ಮಾತ್ರ ಕಳೆದು, ಗುಂಯ್‌ಗುಡುವುದನ್ನು ಹಾಗೆಯೇ ಬಿಡುತ್ತದೆ, ಧ್ವನಿ ಮಂಕಾಗಿಯೂ ಇರುತ್ತದೆ, ಮೊಳಗುತ್ತಲೂ ಇರುತ್ತದೆ. ಮೊಟ್ಟೆಯ ಟ್ರೇ ಅದಕ್ಕಿಂತ ಕಡೆ. ಇವುಗಳ ವಿರುದ್ಧ ನನ್ನ ದೊಡ್ಡ ತಕರಾರು ಬೇರೆಯದು: ಇವು ಹೊತ್ತಿಕೊಳ್ಳುತ್ತವೆ. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಧಾರಾವಾಹಿಯೊಂದರ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತ ಊರು ಇದು. ಕಿಟಕಿ ಮುಚ್ಚಿ ಬಾಗಿಲು ಬಿಗಿದ ಕೋಣೆಯಲ್ಲಿ ರಟ್ಟು, ಗೋಣಿ, ಅಗ್ಗದ ಫೋಮು ಇವುಗಳ ನಡುವೆ ವಿದ್ಯುತ್ ತಂತಿ ಎಳೆದುಕೊಂಡು ಕೂರುವುದು ಯಾವ ಧ್ವನಿಯ ಸಲುವಾಗಿಯೂ ತಕ್ಕುದಲ್ಲ. ಕಲ್ಲುಣ್ಣೆ ಉರಿಯುವುದಿಲ್ಲ. ಬಾಗಿಲು ಒಳಗಿನಿಂದ ಒಂದೇ ಕೈಯಲ್ಲಿ ತೆರೆಯುವಂತಿರಲಿ.

ಕೂರುವ ಜಾಗ, ಮೈಕಿನ ಜಾಗ

ಕೋಣೆಯ ನಟ್ಟನಡುವೆ ಕೂರಬೇಡಿ, ಗೋಡೆಗೆ ಒರಗಿಯೂ ಕೂರಬೇಡಿ. ಉದ್ದದ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಕೂತು, ಅರ್ಧ ಅಡಿ ಅತ್ತಿತ್ತ ಸರಿದು ಮುದ್ರಿಸಿ ಹೋಲಿಸಿ ನೋಡಿ. ವೀಣೆಯಂಥ ನೆಲದ ಮೇಲೆ ಕೂತು ನುಡಿಸುವ ವಾದ್ಯಕ್ಕೆ ನೆಲವೇ ದೊಡ್ಡ ಪ್ರತಿಫಲಕ. ವಾದ್ಯವೂ ಮೈಕೂ ನೆಲದಿಂದ 40 ಸೆಂಟಿಮೀಟರು ಎತ್ತರದಲ್ಲಿದ್ದು, ಎರಡರ ನಡುವೆ 50 ಸೆಂಟಿಮೀಟರು ಇದ್ದರೆ, ನೇರವಾಗಿ ಬಂದ ಧ್ವನಿಗಿಂತ ನೆಲಕ್ಕೆ ಬಡಿದು ಬಂದದ್ದು 44 ಸೆಂಟಿಮೀಟರು ಹೆಚ್ಚು ದೂರ ಸಾಗಿರುತ್ತದೆ. ಎರಡೂ ಸೇರಿದಾಗ 390 ಹರ್ಟ್ಸ್‌ನ ಸುತ್ತಮುತ್ತ ಒಂದನ್ನೊಂದು ಅಳಿಸಿಕೊಂಡು ಅಲ್ಲಿ ಹಳ್ಳ ಬೀಳುತ್ತದೆ. ವೀಣೆಯ ತುಂಬು ನಾದ ಎಲ್ಲಿದೆಯೋ ಸರಿಯಾಗಿ ಅಲ್ಲಿ. ಬರೀ ಜಮಖಾನೆ ಹಾಸಿದರೆ ಇದು ಹೋಗುವುದಿಲ್ಲ, ಅದು ತೆಳು. ಹತ್ತಿಯ ಹಾಸಿಗೆಯನ್ನು ಹಾಸಿ ಅದರ ಮೇಲೆ ಜಮಖಾನೆ ಹಾಕಬೇಕು, ಜೊತೆಗೆ ಮೈಕನ್ನು ವೀಣೆಯ ತಂತಿಗಳನ್ನು ಹೊತ್ತ ಕುದುರೆಯ ಮೇಲಿನಿಂದ ಒಂದಡಿಯ ದೂರಕ್ಕೆ ತಂದು ಕೆಳಮುಖವಾಗಿ ಬಾಗಿಸಬೇಕು. ಹತ್ತಿರ ಬಂದಷ್ಟೂ ಮೀಟಿನ ಉಗುರಿನ ಸದ್ದು ಹೆಚ್ಚುತ್ತದೆ; ಎಲ್ಲಿ ನಿಲ್ಲಿಸಬೇಕೆಂಬುದನ್ನು ವೈಣಿಕರ ಕಿವಿಯೇ ಹೇಳಬೇಕು.

ಛತ್ರದಲ್ಲಿ ಕಛೇರಿ

ಮೈಸೂರು ಮಂಡ್ಯಗಳಲ್ಲಿ ಸಂಗೀತ ನಡೆಯುವ ಜಾಗಗಳಲ್ಲಿ ಹೆಚ್ಚಿನವು ಸಂಗೀತಕ್ಕೆಂದು ಕಟ್ಟಿದವಲ್ಲ. ಸಭಾಂಗಣ ಕಟ್ಟುವವರು ನೋಡಬೇಕಾದ ಭಾರತೀಯ ಮಾನಕ 2526 ಎಂಬುದು 1963ರಿಂದಲೂ ಇದೆ. ಆದರೂ ಕಲ್ಯಾಣಮಂಟಪ ಕಟ್ಟಿಸುವವರ ಗಮನ ಗ್ರಾನೈಟಿನ ಹೊಳಪಿನ ಕಡೆಗೇ ಇರುತ್ತದೆ. ನೂರಡಿ ಉದ್ದ, ಐವತ್ತಡಿ ಅಗಲ, ಹದಿನಾರಡಿ ಎತ್ತರದ ಛತ್ರವೊಂದನ್ನು ಸಬೈನ್ ಲೆಕ್ಕಕ್ಕೆ ಹಾಕೋಣ. ಘನ ಅಳತೆ ಸುಮಾರು 2,250 ಘನಮೀಟರು, ಮೇಲ್ಮೈ 1,350 ಚದರ ಮೀಟರು. ಕಿಟಕಿ ಬಾಗಿಲುಗಳನ್ನೂ ಸೇರಿಸಿ ಸರಾಸರಿ ನೂರಕ್ಕೆ ಆರು ಪಾಲು ಹೀರುತ್ತದೆಂದರೆ ಖಾಲಿ ಛತ್ರದ ಅನುರಣನ 4.5 ಸೆಕೆಂಡು. ಪ್ಲಾಸ್ಟಿಕ್ ಕುರ್ಚಿಗಳು ಏನನ್ನೂ ಹೀರುವುದಿಲ್ಲ. ಹೀರುವವರು ಕೂತ ಜನ. ಒಬ್ಬೊಬ್ಬರದು 0.45 ಚದರ ಮೀಟರಿನಂತೆ ನಾನೂರು ಜನ ತುಂಬಿದರೆ ಅನುರಣನ 1.4 ಸೆಕೆಂಡಿಗೆ ಇಳಿಯುತ್ತದೆ, ಕಛೇರಿಗೆ ಅದು ಹಿತವೇ. ಆರತಕ್ಷತೆಯ ಕಛೇರಿಯಲ್ಲಿ ಎಲೆ ಹಾಕಿದರೆಂಬ ಸುದ್ದಿ ಬಂದು ಇನ್ನೂರು ಜನ ಎದ್ದುಹೋದರೆ ಅದು ಮತ್ತೆ 2.1ಕ್ಕೆ ಏರುತ್ತದೆ. ತನಿ ಆವರ್ತನದ ಹೊತ್ತಿಗೆ ಮೃದಂಗ ಕಲಸಿಹೋಗುವುದಕ್ಕೆ ಕಾರಣವನ್ನು ಕೆಲವೊಮ್ಮೆ ಊಟದ ಮನೆಯಲ್ಲಿ ಹುಡುಕಬೇಕು.

ಇದರಿಂದ ಮೊದಲ ಸೂಚನೆ: ಸಂಜೆ ನಾಲ್ಕಕ್ಕೆ ಖಾಲಿ ಛತ್ರದಲ್ಲಿ ಸೌಂಡ್ ಚೆಕ್ ಮಾಡಿ ಕೂರಿಸಿದ ಮಟ್ಟಗಳನ್ನು ಅಂತಿಮವೆಂದು ನಂಬಬಾರದು. ಅಲ್ಲಿ ಮೈಕು ಕೂಗುತ್ತದೆಯೇ, ತಂತಿ ಗುಂಯ್‌ಗುಡುತ್ತದೆಯೇ ಎಂದಷ್ಟೇ ನೋಡಿ; ಸ್ವರದ ಹದವನ್ನು ಮೊದಲ ವರ್ಣದ ಹೊತ್ತಿನಲ್ಲಿ, ಜನ ಕೂತ ಮೇಲೆ ಸರಿಪಡಿಸಿ. ಎರಡನೆಯದು, ಹಿಂದಿನ ಗೋಡೆ. ವೇದಿಕೆಯಿಂದ ಮೂವತ್ತು ಮೀಟರು ದೂರದ ಬೋಳು ಗೋಡೆಗೆ ಬಡಿದ ತಾಳ ಸುಮಾರು 175 ಮಿಲಿಸೆಕೆಂಡು ತಡವಾಗಿ ಕಲಾವಿದರಿಗೆ ವಾಪಸು ಬರುತ್ತದೆ. ಐವತ್ತು ಮಿಲಿಸೆಕೆಂಡು ದಾಟಿದ ಪ್ರತಿಫಲನವನ್ನು ಕಿವಿ ಬೇರೆಯೇ ಸದ್ದೆಂದು ಎಣಿಸುತ್ತದೆ. ದಪ್ಪನೆಯ ಪರದೆಯನ್ನು ಎರಡರಷ್ಟು ನೆರಿಗೆಯೊಡನೆ, ಗೋಡೆಯಿಂದ ಅರ್ಧ ಅಡಿ ಬಿಟ್ಟು ತೂಗುಹಾಕಿದರೆ ಬಾಡಿಗೆಯ ಛತ್ರದಲ್ಲೂ ಇದನ್ನು ಪಳಗಿಸಬಹುದು.

ಮೂರನೆಯದೇ ಮುಖ್ಯ: ಸ್ಪೀಕರುಗಳು ಎಲ್ಲಿರಬೇಕು. ಧ್ವನಿಮೂಲದಿಂದ ಒಂದು ದೂರದವರೆಗೆ ನೇರ ಧ್ವನಿ ಮೇಲುಗೈ, ಅದರಾಚೆ ಅನುರಣನದ ಮೇಲುಗೈ. ಎಲ್ಲ ದಿಕ್ಕಿಗೂ ಸಮನಾಗಿ ಹೊಮ್ಮಿಸುವ ಮೂಲಕ್ಕೆ ಮೇಲಿನ ಛತ್ರದಲ್ಲಿ ಆ ದೂರ ಜನ ತುಂಬಿದಾಗ 2.3 ಮೀಟರು, ಖಾಲಿಯಿದ್ದಾಗ 1.3 ಮೀಟರು ಮಾತ್ರ. ಒಂದೇ ದಿಕ್ಕಿಗೆ ಚೆನ್ನಾಗಿ ಒತ್ತುವ ಸ್ಪೀಕರಾದರೆ ಏಳು ಮೀಟರಿನವರೆಗೆ ಹೋಗುತ್ತದೆ. ಅದರ ಹಿಂದಿನ ಸಾಲುಗಳಿಗಾಗಿ ವಾಲ್ಯೂಮ್ ಏರಿಸಿದರೆ ನೇರ ಧ್ವನಿಯ ಜೊತೆ ಅನುರಣನವೂ ಅಷ್ಟೇ ಏರುತ್ತದೆ, ಸಾಹಿತ್ಯ ಮೊದಲಿನಷ್ಟೇ ಅಸ್ಪಷ್ಟ. ವೇದಿಕೆಯ ಎರಡು ಬದಿಗೆ ಆಳೆತ್ತರದ ಪೆಟ್ಟಿಗೆಗಳನ್ನು ಪೇರಿಸುವುದಕ್ಕಿಂತ, ಉದ್ದಕ್ಕೂ ಎರಡು ಮೂರು ಜೊತೆ ಕಾಲಂ ಸ್ಪೀಕರುಗಳನ್ನು ಜನರ ತಲೆಗಿಂತ ತುಸು ಮೇಲೆ, ಛಾವಣಿಯ ಕಡೆಗಲ್ಲದೆ ಜನರ ಕಡೆಗೆ ಬಾಗಿಸಿ ಕಟ್ಟುವುದು ಲೇಸು. ಉದ್ದನೆಯ ಕಾಲಂ ಮೇಲಕ್ಕೂ ಕೆಳಕ್ಕೂ ಕಡಿಮೆ ಚೆಲ್ಲುತ್ತದೆ. ಹಿಂದಿನ ಜೊತೆಗಳಿಗೆ ತಡ ಕೊಡಬೇಕು, ಅಂದರೆ ಅವುಗಳಿಂದ ಧ್ವನಿ ತುಸು ನಿಧಾನಿಸಿ ಹೊರಡುವಂತೆ ಮಾಡಬೇಕು: ವೇದಿಕೆಯಿಂದ ಹದಿನೈದು ಮೀಟರು ದೂರದ ಸ್ಪೀಕರಿಗೆ ಧ್ವನಿಯ ಪ್ರಯಾಣದ 43 ಮಿಲಿಸೆಕೆಂಡು, ಅದರ ಮೇಲೆ ಹತ್ತು ಹನ್ನೆರಡು. ಆಗ ಕಿವಿ ಮೊದಲು ಬಂದ ಧ್ವನಿಯ ದಿಕ್ಕನ್ನೇ ನಂಬುವುದರಿಂದ, ಪಕ್ಕದ ಕಂಬದಲ್ಲಿ ಸ್ಪೀಕರಿದ್ದರೂ ಹಾಡು ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ.

ತಗಡಿನ ಛಾವಣಿಯ ಪಾರ್ಟಿ ಹಾಲ್‌ಗಳಲ್ಲಿ ಮಳೆ ಬಂದರೆ ಯಾವ ಲೆಕ್ಕವೂ ಇಲ್ಲ. ಅಲ್ಲಿ ಮಳೆಗಾಲದ ಕಛೇರಿಗೆ ಒಪ್ಪಿಕೊಳ್ಳದಿರುವುದೇ ವಾಸಿ.

ನಾಟಕ ಮತ್ತು ಬಯಲು

ಮಂಡ್ಯದ ಕಡೆಯ ಪೌರಾಣಿಕ ನಾಟಕಗಳಲ್ಲಿ ಮೈಕಿನ ತೊಂದರೆ ಬೇರೆ ಬಗೆಯದು. ಭೀಮ ದುರ್ಯೋಧನರು ವೇದಿಕೆಯ ಉದ್ದಗಲ ಓಡಾಡುತ್ತಾರೆ; ಅವರನ್ನು ಹಿಡಿಯಲೆಂದು ಮೇಲಿನಿಂದ ನಾಲ್ಕಾರು ಮೈಕು ಇಳಿಬಿಡುತ್ತಾರೆ, ಎಲ್ಲವನ್ನೂ ರಾತ್ರಿಯಿಡೀ ತೆರೆದೇ ಇಡುತ್ತಾರೆ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ, ಕೂಗದಂತೆ ಏರಿಸಬಹುದಾದ ಮಟ್ಟ ಮೂರು ಡೆಸಿಬೆಲ್ ಇಳಿಯುತ್ತದೆ. ಎರಡರ ಜಾಗದಲ್ಲಿ ಎಂಟು ಇಟ್ಟರೆ ಆರು ಡೆಸಿಬೆಲ್ ನಷ್ಟ. ಅದೇ ಆರು ಡೆಸಿಬೆಲ್, ಮೈಕಿಗೂ ಬಾಯಿಗೂ ಇರುವ ದೂರವನ್ನು ಅರ್ಧಕ್ಕಿಳಿಸಿದರೆ ಪುಕ್ಕಟೆ ಸಿಗುತ್ತದೆ. ಆದ್ದರಿಂದ ಮೈಕು ಕಡಿಮೆ ಮಾಡಿ, ಕೆಳಗಿಳಿಸಿ, ನಾಟಕದ ಪ್ರತಿ ಬಲ್ಲವರೊಬ್ಬರನ್ನು ಮಿಕ್ಸರ್ ಪಕ್ಕ ಕೂರಿಸಿ, ಪಾತ್ರವಿಲ್ಲದ ಕಡೆಯ ಮೈಕನ್ನು ಇಳಿಸುತ್ತಿರಬೇಕು. ಹಾರ್ಮೋನಿಯಂ ಮೇಷ್ಟ್ರ ಮೈಕು ಬೆಲ್ಲೋಸಿನ ಕಡೆಗಲ್ಲದೆ ಸ್ವರದ ಮನೆಗಳ ಕಡೆಗಿರಲಿ. ಹಲಗೆಯ ಅಟ್ಟದ ಮೇಲಿನ ಹೆಜ್ಜೆಯ ದಢದಢವನ್ನು ತಡೆಯಲು ಮಾತಿನ ಮೈಕುಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಬಾಡಿಗೆಗೆ ತರುವ ಸೀನರಿ ಪರದೆಗಳು ಬಟ್ಟೆಯಾದರೂ ಧ್ವನಿ ಹೀರುತ್ತವೆಂದು ಭಾವಿಸಬಾರದು; ಬಣ್ಣ ಬಳಿದು ಅವುಗಳ ರಂಧ್ರಗಳೆಲ್ಲ ಮುಚ್ಚಿರುತ್ತವೆ.

ಬಯಲಿನಲ್ಲಿ ಅನುರಣನವಿಲ್ಲ, ಆಸರೆಯೂ ಇಲ್ಲ. ದೂರ ಎರಡರಷ್ಟಾದಂತೆಲ್ಲ ಧ್ವನಿ ಆರು ಡೆಸಿಬೆಲ್ ಇಳಿಯುತ್ತ ಹೋಗುತ್ತದೆ. ರಂಗಾಯಣದ ವನರಂಗದಂಥ ಸಣ್ಣ ಬಯಲು ರಂಗದಲ್ಲಿ ನಟರ ಬೆನ್ನಿಗೆ ಗಟ್ಟಿಯಾದ ಹಿನ್ನೆಲೆಯಿದ್ದರೆ ಅದರ ಪ್ರತಿಫಲನವೇ ಕಂಠಕ್ಕೆ ಬಲ ಕೊಡುತ್ತದೆ. ಅಲ್ಲಿ ಕಪ್ಪು ಪರದೆ ಕಟ್ಟುವುದು ಕಣ್ಣಿಗೆ ಚೆಂದ, ಕಿವಿಗೆ ನಷ್ಟ. ಅರಮನೆಯ ಮುಂದಿನ ದಸರಾ ಸಭೆಯಂಥ ದೊಡ್ಡ ಬಯಲಿನಲ್ಲಿ ನೂರು ಮೀಟರು ಹಿಂದೆ ಕೂತವರಿಗೆ ವೇದಿಕೆಯ ಧ್ವನಿ ತಲುಪಲು 290 ಮಿಲಿಸೆಕೆಂಡು ಬೇಕಾದ್ದರಿಂದ, ನಡುವಿನ ಪ್ರತಿ ಸ್ಪೀಕರ್ ಗೋಪುರಕ್ಕೂ ಛತ್ರದಲ್ಲಿ ಹೇಳಿದ ರೀತಿಯಲ್ಲೇ ತಡ ಕೊಡಬೇಕು. ಹವೆ ಒಂದು ಡಿಗ್ರಿ ತಂಪಾದರೆ ಧ್ವನಿಯ ವೇಗ ಸೆಕೆಂಡಿಗೆ 0.6 ಮೀಟರಿನಷ್ಟು ಇಳಿಯುತ್ತದೆ. ಮಧ್ಯಾಹ್ನ ಕೂರಿಸಿದ ತಡವನ್ನು ರಾತ್ರಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು, ಆದರೆ ವ್ಯತ್ಯಾಸ ಕೆಲವೇ ಮಿಲಿಸೆಕೆಂಡುಗಳದ್ದು.

ರಾತ್ರಿಯ ತಂಪು ತರುವ ದೊಡ್ಡ ಬದಲಾವಣೆ ಬೇರೆ ಇದೆ. ಸಂಜೆಯ ನಂತರ ನೆಲದ ಬಳಿಯ ಗಾಳಿ ಬೇಗ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗೇ ಉಳಿದಾಗ, ಮೇಲಕ್ಕೆ ಹೋಗಬೇಕಾದ ಧ್ವನಿ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಹಗಲಿನಲ್ಲಿ ಊರ ಗಡಿ ದಾಟದ ನಾಟಕ, ರಾತ್ರಿ ಗದ್ದೆಬಯಲಿನಾಚೆಯ ಊರಿಗೂ ಕೇಳುವುದು ಹೀಗೆ. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ; ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳ ಸಂದರ್ಭದಲ್ಲಿ, ವರ್ಷಕ್ಕೆ ಒಟ್ಟು ಹದಿನೈದು ದಿನ ಮೀರದಂತೆ, ಹನ್ನೆರಡರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಮೊದಲೇ ಪಡೆದಿರಬೇಕು. ಹಾರ್ನ್ ಸ್ಪೀಕರುಗಳನ್ನು ಕಂಬದ ತುದಿಗೆ ಕಟ್ಟಿ ದಿಗಂತದ ಕಡೆಗೆ ತಿರುಗಿಸುವ ಪದ್ಧತಿಯನ್ನು ಬಿಟ್ಟು, ಕೊನೆಯ ಸಾಲಿನ ಜನರ ಮೇಲೆ ಬೀಳುವಂತೆ ಕೆಳಮುಖವಾಗಿ ಕಟ್ಟಿ; ಆಮೇಲೆ ಒಬ್ಬರು ಅತಿ ಹತ್ತಿರದ ಮನೆಯ ಜಗಲಿಯವರೆಗೆ ನಡೆದುಹೋಗಿ, ಅಲ್ಲಿ ಎಷ್ಟು ಕೇಳುತ್ತದೆಂದು ನೋಡಿ ಬಂದು ಮಟ್ಟ ಇಳಿಸಲಿ. ಅನುಮತಿ ಪತ್ರದ ಒಂದು ಪ್ರತಿಯನ್ನು ಮಿಕ್ಸರ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಟ್ಟರೆ, ಪೊಲೀಸರು ಬಂದು ಕೇಳಿದಾಗ ಅರ್ಧದಲ್ಲಿ ಎದ್ದು ಹುಡುಕಾಡುವ ಪ್ರಸಂಗ ಬರುವುದಿಲ್ಲ.